ಬಿಳಿ ಕಣಗಿಲೆ ಬಂದರೆ ಯಾವ ಊರು?

ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಪಕ್ಕದಲ್ಲಿ ಹೂವು ಮಾರುವವಳು ಮೊನ್ನೆ ಕವರು ತರುವುದನ್ನು ಮರೆತಿದ್ದಳು. ಮದರಾಸಿನ ಅಡ್ಯಾರಿನಲ್ಲಿ ಈಗ ಹೂವೂ ಪ್ಲಾಸ್ಟಿಕ್ ಕವರಿನಲ್ಲಿಯೇ ಮನೆಗೆ ಬರುವುದು. ಅವಳು ಸ್ವಲ್ಪ ಹೊತ್ತು ಆ ಕಡೆ ಈ ಕಡೆ ಹುಡುಕಿ, ಕೊನೆಗೆ ಬುಟ್ಟಿಯ ತಳದಿಂದ ಒಂದು ಬಾಳೆಯೆಲೆಯ ಚೂರು ತೆಗೆದು, ಎರಡು ಮೊಳ ಮಲ್ಲಿಗೆಯನ್ನು ಅದರಲ್ಲಿ ಸುತ್ತಿ, ನಾರಿನಿಂದ ಕಟ್ಟಿ ನನ್ನ ಕೈಗಿಟ್ಟಳು. ಲಿಫ್ಟಿನಲ್ಲಿ ಮೇಲೆ ಬರುವಾಗ ಅದನ್ನು ಬಿಚ್ಚಲು ಯಾಕೋ ಹಿಂಜರಿಕೆಯಾಯಿತು. ಒಳಗಿರುವುದು ಮಲ್ಲಿಗೆಯೇ, ನಾನೇ ಕಣ್ಣಾರೆ ನೋಡಿ ಕೊಂಡದ್ದು. ಆದರೂ ಎಲೆಯಲ್ಲಿ ಕಟ್ಟಿದ ಹೂವಿನ ಪೊಟ್ಟಣ ಕಂಡರೆ, ಒಳಗೆ ಯಾವ ಬಣ್ಣ ಇದೆಯೋ ಎಂದು ನನ್ನ ಎದೆ ಒಂದು ಸಲ ಹೊಡೆದುಕೊಳ್ಳುತ್ತದೆ. ಇದಕ್ಕೆ ಕಾರಣ ಹೇಳಬೇಕಾದರೆ ನುಂಗಂಬಾಕ್ಕಂನ ನಮ್ಮ ಹಳೆಯ ಪೋರ್ಷನ್ನಿಗೆ ಹೋಗಬೇಕು.

ಪೋರ್ಷನ್ ಎಂದರೆ ಮದರಾಸಿನಲ್ಲಿ ಮನೆಯಲ್ಲ, ಮನೆಯ ಒಂದು ತುಂಡು. ಮುಂದಿನ ತುಂಡಿನಲ್ಲಿ ಮನೆಯ ಒಡತಿ ಪಟ್ಟು ಮಾಮಿ, ಹಿಂದಿನ ತುಂಡಿನಲ್ಲಿ ನಾವು, ನಡುವೆ ಇಬ್ಬರಿಗೂ ಸೇರಿದ ಒಂದು ಕೈಪಂಪು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಬ್ಯಾಂಕಿನಲ್ಲಿ ಗುಮಾಸ್ತೆ, ನನ್ನ ಗಂಡ ರೈಲ್ವೆಯ ಅಕೌಂಟ್ಸ್ ಆಫೀಸಿನಲ್ಲಿ. ಮಗಳು ಮಾಲು ಎರಡನೇ ಕ್ಲಾಸು. ನಾಲ್ಕನೆಯವರು ನಮ್ಮ ಅತ್ತೆ, ಜಾನಕಮ್ಮ. ನಾಲ್ಕನೆಯವರು ಅಂದದ್ದು ಬರೀ ಎಣಿಕೆಗೆ. ಮನೆ ನಡೆಯುತ್ತಿದ್ದದ್ದೇ ಅವರಿಂದ. ನಾನು ಬೆಳಿಗ್ಗೆ ಟಿಫನ್ ಡಬ್ಬಿ ಹಿಡಿದು ಬಸ್ಸಿಗೆ ಓಡಿದರೆ, ಸಂಜೆ ಹಿಂತಿರುಗುವ ತನಕ ಮಾಲು ಉಂಡಳೋ ಬಿಟ್ಟಳೋ ಎಂಬ ಯೋಚನೆ ನನ್ನ ತಲೆಗೆ ಬರುತ್ತಿರಲಿಲ್ಲ. ಆ ಪುಣ್ಯ ನನ್ನ ಜೊತೆ ಕೆಲಸ ಮಾಡುತ್ತಿದ್ದ ಯಾವ ಹೆಂಗಸಿಗೂ ಇರಲಿಲ್ಲ, ಅದನ್ನು ಅವರು ನನಗೆ ಆಗಾಗ ಜ್ಞಾಪಿಸುತ್ತಲೂ ಇದ್ದರು.

ಅತ್ತೆ ಮೈಸೂರಿನವರು. ಅವರ ಯಜಮಾನರು ತೀರಿಕೊಂಡಾಗ ನಮ್ಮವರಿನ್ನೂ ಸ್ಲೇಟು ಹಿಡಿಯುವ ಹುಡುಗ. ಅಣ್ಣಂದಿರ ಮನೆಯಲ್ಲಿದ್ದುಕೊಂಡು ಮಗನನ್ನು ಓದಿಸಿ, ಅವನಿಗೆ ಕೆಲಸ ಸಿಕ್ಕಿದ ಮೇಲೆ ಅವನ ಹಿಂದೆಯೇ ಮದರಾಸಿಗೆ ಬಂದರು. ಬಂದ ದಿನದಿಂದಲೇ ಮದರಾಸನ್ನು ಬೈಯಲು ಶುರುಮಾಡಿದರಂತೆ. ನಾನು ಸೊಸೆಯಾಗಿ ಕಾಲಿಟ್ಟ ಹೊತ್ತಿಗೆ ಆ ಬೈಗುಳಕ್ಕೆ ಒಂದು ಕ್ರಮವೇ ಹುಟ್ಟಿಕೊಂಡಿತ್ತು. ಮೊದಲು ಬಿಸಿಲು. ಆಮೇಲೆ ಪಂಪಿನ ಉಪ್ಪುನೀರು, ಅದರಲ್ಲಿ ಬೇಯದ ಬೇಳೆ. ಆಮೇಲೆ ರುಚಿಯಿಲ್ಲದ ಬದನೆಕಾಯಿ. ಕೊನೆಗೆ ಮಾಲು, ಯಾಕೆಂದರೆ ಅವಳನ್ನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಹೇಳುತ್ತಿದ್ದಳು. "ನಮ್ ಮೈಸೂರಲ್ಲಿ ಹೀಗಿಲ್ಲಮ್ಮ" ಎಂಬಲ್ಲಿಗೆ ಆ ದಿನದ ಪಾರಾಯಣ ಮುಗಿಯುತ್ತಿತ್ತು.

ಇಷ್ಟು ಬೈಯುವವರು ಬೆಳಗಿನ ಜಾವ ಯಾರೂ ಏಳುವ ಮೊದಲೇ ಎದ್ದು, ಮಾಧವರಂ ಡೈರಿಯ ಹಾಲಿನ ಲಾರಿ ಬರುವ ಮುಂಚೆಯೇ ಬೂತಿನ ಮುಂದೆ ಹಾಜರಿರುತ್ತಿದ್ದರು. ಹಾಲು ಒಂದು ನೆಪ. ಬೀದಿಯ ಹೆಂಗಸರೆಲ್ಲ ಅಲ್ಲಿ ಸೇರುತ್ತಿದ್ದರು, ಯಾರ ಮನೆಯಲ್ಲಿ ಏನಾಯಿತು ಎಂಬುದು ಹಾಲಿಗಿಂತ ಮುಂಚೆ ಹಂಚಿಕೆಯಾಗುತ್ತಿತ್ತು. ತಮಿಳು ಬರುವುದಿಲ್ಲ ಎನ್ನುತ್ತಿದ್ದವರು ಬಸ್ಸಿನ ಬೋರ್ಡು ನೋಡಿ ನೋಡಿ ತಮಿಳು ಓದಲು ಕಲಿತು, ಪಟ್ಟು ಮಾಮಿಯ ವಾರಪತ್ರಿಕೆಯ ಧಾರಾವಾಹಿಯನ್ನು ಅವರಿಗಿಂತ ಮೊದಲೇ ಓದಿ ಮುಂದಿನ ಕಥೆ ಹೇಳಿ ಅವರನ್ನು ರೇಗಿಸುತ್ತಿದ್ದರು. ಇಬ್ಬರೂ ಸೇರಿ ಮ್ಯಾಟ್ನಿಗೆ ಹೋಗುತ್ತಿದ್ದರು. ತರಕಾರಿಯವನ ಹತ್ತಿರ ಅತ್ತೆ ಚೌಕಾಸಿ ಮಾಡುವುದನ್ನು ಕೇಳಬೇಕಿತ್ತು, ನನ್ನ ಬ್ಯಾಂಕಿನ ತಮಿಳು ಅದರ ಮುಂದೆ ಏನೂ ಅಲ್ಲ. ಇದೆಲ್ಲ ನನ್ನ ಕಣ್ಣೆದುರಿಗೇ ನಡೆಯುತ್ತಿತ್ತು. ಆದರೆ ನಾನು ಅವರ ಬೈಗುಳವನ್ನು ನಂಬಿದೆ, ಅವರ ಓಡಾಟವನ್ನು ನೋಡಲಿಲ್ಲ.

ಈಗ ಬ್ಯಾಂಕಿನ ವಿಷಯ. ಆ ಕಾಲದಲ್ಲಿ ಹೆಂಗಸರಿಗೆ ಪ್ರಮೋಷನ್ ಬರುವುದೆಂದರೆ ಒಂದು ಸಣ್ಣ ಸಮಾರಂಭವಿದ್ದ ಹಾಗೆ. ಆರ್ಡರು ಬಂದ ದಿನ ಎಲ್ಲರಿಗೂ ಸ್ವೀಟು, ಖಾರ, ಕಾಫಿ. ಮುಂದಿನ ವಾರ 'ಕೌಟುಂಬಿಕ ಕಾರಣಗಳಿಂದ' ಬೇಡವೆಂದು ಬರೆದುಕೊಟ್ಟು ಮತ್ತೆ ಅದೇ ಕೌಂಟರಿನಲ್ಲಿ ಕುಳಿತುಕೊಳ್ಳುವುದು. ಪ್ರಮೋಷನ್ ತೆಗೆದುಕೊಂಡರೆ ಊರು ಬಿಡಬೇಕು, ಊರು ಬಿಡುವುದು ಹೆಂಗಸರಿಂದ ಆಗುವ ಮಾತಲ್ಲ, ಆದ್ದರಿಂದ ಸ್ವೀಟು ಹಂಚುವುದೊಂದೇ ಲಾಭ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ನಾನೂ ಪರೀಕ್ಷೆಗೆ ಕೂತದ್ದು ಹಾಗೆಯೇ, ಪಕ್ಕದ ಸೀಟಿನವಳು ಕೂತಳು ಎಂದು. ಅವಳ ಹೆಸರು ಬರಲಿಲ್ಲ, ನನ್ನದು ಬಂತು. ಮ್ಯಾನೇಜರು ಕರೆದು, ಮದರಾಸಿನಲ್ಲಿ ಜಾಗ ಇಲ್ಲವೆಂದೂ, ಮೈಸೂರಿನಲ್ಲಿ ಒಂದು, ಕೊಯಮತ್ತೂರಿನಲ್ಲಿ ಒಂದು ಖಾಲಿ ಇದೆಯೆಂದೂ, ಯಾವುದು ಬೇಕೋ ಸೋಮವಾರ ಹೇಳಬೇಕೆಂದೂ ತಿಳಿಸಿದರು. ಹೇಳುವಾಗಲೇ ಅವರ ಮುಖದಲ್ಲಿ, ಈಕೆ ಸೋಮವಾರ ಎರಡೂ ಬೇಡ ಅನ್ನುತ್ತಾಳೆ ಎಂಬ ನೆಮ್ಮದಿ ಇತ್ತು.

ನನಗೆ ಅದು ಸ್ವಲ್ಪ ಚುಚ್ಚಿತು. ಆದರೂ ನಾನು ಧೈರ್ಯಸ್ಥೆಯೇನಲ್ಲ. ಗಂಡ ರೈಲ್ವೆ ಬಿಟ್ಟು ಬರುವ ಹಾಗಿಲ್ಲ, ಅವರು ಮದರಾಸಿನಲ್ಲಿದ್ದು ವಾರಕ್ಕೊಮ್ಮೆ ಬಂದು ಹೋಗಬೇಕು. ಮಾಲು ನನ್ನ ಜೊತೆ ಬರಬೇಕು. ಅಂದರೆ ಅತ್ತೆ ಬರಬೇಕು. ಅತ್ತೆ ಬಂದರೆ ಪ್ರಮೋಷನ್, ಬಾರದಿದ್ದರೆ ಕೌಂಟರು. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಊರಿನ ಆಯ್ಕೆ ಮಾತ್ರ ಯಾರಿಗೂ ಒಂದು ಪ್ರಶ್ನೆ ಅನ್ನಿಸಲೇ ಇಲ್ಲ. ಕನ್ನಡದವರಿಗೆ ಮೈಸೂರು ಕೊಟ್ಟರೆ ಕೇಳುವುದೇನಿದೆ? ಕೊಯಮತ್ತೂರನ್ನು ಜನ್ಮದಲ್ಲಿ ನೋಡದ ನನ್ನ ಸಹೋದ್ಯೋಗಿಯೊಬ್ಬರು ಅಲ್ಲಿನ ನೀರು ಕಲ್ಕಂಡಿನ ಹಾಗೆ ಸಿಹಿ ಎಂದು ವಾದಿಸಿದರು. ಮೈಸೂರಿನ ನೀರೇನು ಬೇವೇ ಎಂದು ಇನ್ನೊಬ್ಬರು ಕೇಳಿದರು. ನಮ್ಮವರು ತಮ್ಮ ಪದ್ಧತಿಯಂತೆ ರೈಲ್ವೆ ಟೈಂಟೇಬಲ್ ಬಿಚ್ಚಿ ಕುಳಿತರು. ಅವರಿಗೆ ಪ್ರಪಂಚದ ಯಾವ ಊರೂ ಒಂದು ಗಾಡಿ ಅಲ್ಲಿಗೆ ಯಾವಾಗ ಮುಟ್ಟುತ್ತದೆ ಎಂಬುದರಿಂದಲೇ ಒಳ್ಳೆಯದು ಅಥವಾ ಕೆಟ್ಟದು. ಟೈಂಟೇಬಲ್ ಕೊಯಮತ್ತೂರಿನ ಕಡೆಗಿತ್ತು. ಆದರೆ ಆ ಸಲ ಅವರು ಅದನ್ನೇ ಮಡಚಿಟ್ಟು, "ಅಮ್ಮನಿಗೆ ಇಷ್ಟು ವರ್ಷ ಆದ್ಮೇಲೆ ತವರು ಸಿಗತ್ತೆ, ಮೈಸೂರೇ ಸರಿ" ಅಂದುಬಿಟ್ಟರು. ತಾವು ಬೆಳೆದ ಮಾವಂದಿರ ಬೀದಿಯಲ್ಲಿ ತಮ್ಮ ಹೆಂಡತಿ ಬ್ಯಾಂಕ್ ಆಫೀಸರಾಗಿ ಓಡಾಡುವ ಆಸೆಯೂ ಅದರಲ್ಲಿ ಸ್ವಲ್ಪ ಇತ್ತು. ತಪ್ಪೇನಿಲ್ಲ.

ಅತ್ತೆಯನ್ನು ಕೇಳಿದೆವು. "ನೀವಿಬ್ರೂ ಯೋಚ್ನೆ ಮಾಡಿ, ನನ್ನ ಎಲ್ಲಿ ಕೂರಿಸ್ತೀರೋ ಅಲ್ಲಿ ಕೂತಿರ್ತೀನಿ" ಅಂದರು. ನಾವು ಅದನ್ನು ಮೈಸೂರು ಎಂದು ಅರ್ಥಮಾಡಿಕೊಂಡೆವು. ಆ ವಾರವೆಲ್ಲ ಅವರು ಮದರಾಸನ್ನು ಒಂದು ಮಾತೂ ಬೈಯಲಿಲ್ಲ. ಅದನ್ನು ನಾವು ಸಂತೋಷ ಎಂದುಕೊಂಡೆವು.

ಹೀಗಿರುವಾಗ ಹೂವಿನ ವಿಷಯ ಎತ್ತಿದವರು ಪಟ್ಟು ಮಾಮಿ. ಇಂಥ ದೊಡ್ಡ ಕೆಲಸಕ್ಕೆ ಹೊರಡುವಾಗ ದೇವರನ್ನು ಒಂದು ಮಾತು ಕೇಳಬೇಡವೇ ಎಂದರು. ನಮ್ಮ ಕಡೆಯಲ್ಲೂ ಕೇಳುವುದುಂಟು. ದೇವರ ಮೇಲೆ ಹೂವು ಇಟ್ಟು ಕಾಯಬೇಕು, ಬಲಗಡೆಯಿಂದ ಬಿದ್ದರೆ ಪ್ರಸಾದವಾಯಿತು. ಆದರೆ ನಮ್ಮ ಪೋರ್ಷನ್ನಿನಲ್ಲಿ ದೇವರು ಇದ್ದದ್ದು ಗೋಡೆಯ ಒಂದು ಗೂಡಿನಲ್ಲಿ, ಸರಿಯಾಗಿ ಫ್ಯಾನಿನ ಕೆಳಗೆ. ಫ್ಯಾನು ಹಾಕಿದರೆ ಹೂವು ಯಾವಾಗಲೂ ಎಡಗಡೆಗೇ ಹಾರುತ್ತಿತ್ತು. ಫ್ಯಾನು ಆರಿಸಿದರೆ ಮದರಾಸಿನ ಸೆಕೆಯಲ್ಲಿ ಹೂವು ಬೀಳುವ ತನಕ ಯಾರೂ ಭಕ್ತಿಯಿಂದ ನಿಲ್ಲುವುದು ಸಾಧ್ಯವಿರಲಿಲ್ಲ. ಆದ್ದರಿಂದ ಮಾಮಿಯ ಮನೆಯ ಪದ್ಧತಿಯನ್ನೇ ಎರವಲು ತಂದೆವು. ಒಂದು ಕೆಂಪು ಹೂವು, ಒಂದು ಬಿಳಿ ಹೂವು, ಎರಡನ್ನೂ ಎಲೆಯಲ್ಲಿ ಕಟ್ಟಿ ದೇವರ ಮುಂದಿಟ್ಟು, ಮಗುವಿನ ಕೈಯಿಂದ ಒಂದನ್ನು ಎತ್ತಿಸುವುದು.

ಮಾಮಿ ಶಿಸ್ತಿನ ಹೆಂಗಸು. ಹೂವು ಎರಡೂ ಒಂದೇ ಜಾತಿಯದಾಗಿರಬೇಕು, ಇಲ್ಲದಿದ್ದರೆ ಮಗು ವಾಸನೆ ಹಿಡಿದುಬಿಡುತ್ತದೆ ಎಂದು ಹಿತ್ತಲಿನ ಕೆಂಪು ಕಣಗಿಲೆ, ಎದುರುಮನೆಯ ಬಿಳಿ ಕಣಗಿಲೆ ತಂದರು. ಎರಡು ಪೊಟ್ಟಣ ಕಟ್ಟಿದರು. ದೀಪ ಹಚ್ಚಿದ ಮೇಲೆ, ಪ್ರಶ್ನೆಯನ್ನು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು, ಬಾಯಿಬಿಟ್ಟು ಹೇಳಬಾರದು ಎಂದು ಅಪ್ಪಣೆ ಮಾಡಿದರು. ನಾವೆಲ್ಲ ಸ್ನಾನ ಮಾಡಿ ಸಾಲಾಗಿ ನಿಂತು ಕಣ್ಣು ಮುಚ್ಚಿಕೊಂಡೆವು. ಮಾಲು ಹೋಗಿ ಒಂದು ಪೊಟ್ಟಣ ಎತ್ತಿಕೊಂಡಳು. ಮಾಮಿ ಬಿಚ್ಚಿದರು. ಬಿಳಿ ಕಣಗಿಲೆ.

"ಸರಿ, ಮೈಸೂರು" ಎಂದರು ನಮ್ಮವರು.

"ಕೊಯಮತ್ತೂರು" ಎಂದರು ಅತ್ತೆ.

ಎರಡೂ ಒಂದೇ ಗಳಿಗೆಯಲ್ಲಿ ಬಂದವು. ಅತ್ತೆಯ ದನಿಯಲ್ಲಿ ಅಂಥ ಖುಷಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಹೇಳಿದ ತಕ್ಷಣ ಅವರಿಗೆ ತಾವು ಏನು ಹೇಳಿದೆವು ಎಂದು ಗೊತ್ತಾಯಿತು. ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡರು.

ನಡೆದದ್ದು ಇಷ್ಟೇ. ಮಾಮಿಯ ಮನೆಯಲ್ಲಿ ಹೂವು ಕಟ್ಟುವುದು ಹೌದು ಅಥವಾ ಅಲ್ಲ ಎನ್ನುವ ಪ್ರಶ್ನೆಗೆ ಮಾತ್ರ, ಕೇಳುವವರೂ ಒಬ್ಬರೇ. ನಾವು ಎರಡು ಊರು ಇಟ್ಟುಕೊಂಡು, ಮನೆಮಂದಿಯೆಲ್ಲ ಕೇಳಲು ನಿಂತಿದ್ದೆವು. ಯಾವ ಬಣ್ಣಕ್ಕೆ ಯಾವ ಊರು ಎಂದು ಒಬ್ಬರೂ ಒಬ್ಬರಿಗೂ ಹೇಳಿರಲಿಲ್ಲ. ನಮ್ಮವರು ಶುಭದ ಬಿಳಿಯನ್ನು ಮೈಸೂರಿಗೆ ಕೊಟ್ಟಿದ್ದರು. ಅತ್ತೆಯೂ ಬಿಳಿಯನ್ನೇ ಹಿಡಿದುಕೊಂಡಿದ್ದರು, ಊರು ಮಾತ್ರ ಬೇರೆ. ಮಾಮಿ ನನ್ನ ಕಡೆ ತಿರುಗಿ, ಹಾಗಾದರೆ ನೀನು ಏನು ಕೇಳಿದೆ ಎಂದರು. ನಾನು ಊರಿನ ವಿಷಯವೇ ಕೇಳಿರಲಿಲ್ಲ. ಪ್ರಮೋಷನ್ ತೆಗೆದುಕೊಳ್ಳಲೋ ಬೇಡವೋ ಎಂದು ಕೇಳಿದ್ದೆ. ಬಿಳಿ ಬಂದರೆ ತೆಗೆದುಕೊಳ್ಳುವುದು. ಮಾಲುವನ್ನು ಯಾರೂ ಕೇಳದಿದ್ದರೂ ತಾನು ನಾಯಿಮರಿ ಕೇಳಿದೆನೆಂದು ತಮಿಳಿನಲ್ಲಿ ಹೇಳಿದಳು.

ನಮ್ಮವರು ಇನ್ನೊಂದು ಸಲ ಎತ್ತಿಸೋಣ, ಈ ಸಲ ಗಟ್ಟಿಯಾಗಿ ಹೇಳಿಕೊಂಡು ಮಾಡೋಣ ಎಂದರು. ದೇವರೇನು ನಿಮ್ಮ ಆಫೀಸಿನ ಪ್ಯೂನೇ, ಹೋದ ಕೂಡಲೇ ಮತ್ತೆ ಬೆಲ್ಲು ಹೊಡೆದು ಕರೆಯಲು ಎಂದು ಮಾಮಿ ಬಾಯಿ ಮುಚ್ಚಿಸಿದರು. ಅತ್ತೆ ಅಷ್ಟರಲ್ಲಿ ಸಂಡಿಗೆ ನೋಡುವ ನೆಪ ಮಾಡಿಕೊಂಡು ತಾರಸಿಗೆ ಹೋಗಿಯಾಗಿತ್ತು.

ಸ್ವಲ್ಪ ಹೊತ್ತು ಬಿಟ್ಟು ನಾನೂ ಹೋದೆ. ಬಿಸಿಲು ಇಳಿಯುತ್ತಿತ್ತು. ಹಳೆಯ ಪಂಚೆಯ ಮೇಲೆ ಇಟ್ಟ ಸಂಡಿಗೆಗಳನ್ನು ಅತ್ತೆ ಒಂದೊಂದಾಗಿ ಬಿಡಿಸಿ ಮಗುಚುತ್ತಿದ್ದರು. ನಾನು ಎದುರಿಗೆ ಕೂತು ಇನ್ನೊಂದು ತುದಿಯಿಂದ ಶುರುಮಾಡಿದೆ.

"ಸುಮಿ, ನೀನು ಪ್ರಮೋಷನ್ ಬೇಡ ಅನ್ಬೇಡ" ಎಂದರು ತಲೆಯೆತ್ತದೆ. "ಮಾಲೂನ ನಾನು ನೋಡ್ಕೋತೀನಿ, ಎಲ್ಲಿಗಾದ್ರೂ ಬರ್ತೀನಿ. ಮೈಸೂರು ಬೇಡ ಕಣೇ."

"ಯಾಕತ್ತೆ? ನಿಮ್ಮೂರಲ್ವಾ?"

"ನಮ್ಮೂರೇ. ಅದಕ್ಕೇ ಬೇಡ."

ಆಮೇಲೆ ನಿಧಾನವಾಗಿ ಹೇಳಿದರು. ಅಣ್ಣಂದಿರ ಮನೆಯಲ್ಲಿ ಊಟಕ್ಕೆ ಬಟ್ಟೆಗೆ ಕಡಿಮೆಯಾಗಿರಲಿಲ್ಲ, ಯಾರೂ ಒಂದು ಮಾತು ಜೋರಾಗಿ ಆಡಿದವರಲ್ಲ. ಆದರೆ ಮನೆಯಿಂದ ಯಾರೇ ಹೊರಡಲಿ, ಪರೀಕ್ಷೆಗೋ, ಊರಿಗೋ, ಹೆಣ್ಣು ನೋಡುವುದಕ್ಕೋ, ಇವರು ಒಳಗಿನ ಕೋಣೆಯಲ್ಲಿರಬೇಕು. ಹೊರಡುವವರಿಗೆ ವಿಧವೆ ಎದುರಾಗಬಾರದು. ಮೊದಲು ಅತ್ತಿಗೆ ಹೇಳಿ ಕಳಿಸುತ್ತಿದ್ದರಂತೆ, ಆಮೇಲೆ ಹೇಳುವ ಅಗತ್ಯವೇ ಬೀಳಲಿಲ್ಲ. ಬಾಗಿಲಲ್ಲಿ ಚಪ್ಪಲಿಯ ಸದ್ದಾದರೆ ಸಾಕು, ಇವರೇ ಎದ್ದು ಒಳಗೆ ಹೋಗುತ್ತಿದ್ದರು. ಅಣ್ಣನ ಮಗಳ ಮದುವೆಗೆ ವಾರಗಟ್ಟಲೆ ಒಲೆಯ ಮುಂದೆ ಕೂತು ಚಕ್ಕುಲಿ ಕರಿದವರು ಇವರು, ಹುಡುಗಿ ಛತ್ರಕ್ಕೆ ಹೊರಟಾಗ ಉಗ್ರಾಣದಲ್ಲಿದ್ದರು. ಕಾರು ಹೊರಟ ಶಬ್ದ ಕೇಳಿಸಿತಂತೆ.

"ಪಾಪ ಜಾನಕಿ ಅಂತಾರೆ ಎಲ್ರೂ. ಒಳ್ಳೇವ್ರೇ. ಪಾಪ ಅಂತಾನೇ ಒಳಗೆ ಕಳಿಸ್ತಾರೆ."

ಹಿಂದಿನ ವರ್ಷ ಪಟ್ಟು ಮಾಮಿಯ ಮಗಳ ಮದುವೆಯಾಗಿತ್ತು. ಹುಡುಗಿ ಮನೆಯಿಂದ ಹೊರಡುವ ಹೊತ್ತಿಗೆ ನಾನು ಛತ್ರದಲ್ಲಿದ್ದೆ, ಇಲ್ಲಿ ನಡೆದದ್ದು ನನಗೆ ತಿಳಿದಿರಲಿಲ್ಲ. ಅತ್ತೆ ಅಭ್ಯಾಸದಂತೆ ನಮ್ಮ ಪೋರ್ಷನ್ನಿನ ಒಳಗೆ ಸರಿದುಕೊಂಡಿದ್ದರಂತೆ. ಮಾಮಿ ಬೀದಿಯವರೆಲ್ಲರ ಮುಂದೆ, "ಮಾಮಿ, ನೀಂಗ ಏನ್ ಉಳ್ಳೇ ನಿಕ್ಕರೇಳ್? ಮುನ್ನಾಡಿ ವಾಂಗೋ" ಎಂದು ಕೂಗಿದರಂತೆ. ನೀವೇಕೆ ಒಳಗೆ ನಿಂತಿರಿ, ಮುಂದೆ ಬನ್ನಿ ಎಂದು.

"ನಂಗೆ ಕಾಲೇ ಬರ್ಲಿಲ್ಲ. ಆಮೇಲೆ ಹೋದೆ. ಆ ಹುಡುಗಿ ನನ್ನ ಕಾಲಿಗೆ ನಮಸ್ಕಾರ ಮಾಡಿ ಕಾರು ಹತ್ತಿದ್ಲು. ಅವಳಿಗೇನೂ ಆಗ್ಲಿಲ್ಲ, ಚೆನ್ನಾಗಿದಾಳೆ. ಮೈಸೂರಲ್ಲಿ ನಾನು ಪಾಪ ಜಾನಕಿ ಕಣೇ. ಇಲ್ಲಿ ಬರೀ ಮಾಮಿ. ಕೊಯಮತ್ತೂರಲ್ಲೂ ಮಾಮಿ ಅಂತಾನೇ ಅಂತಾರೆ, ಅಲ್ವಾ?"

"ಮತ್ತೆ ದಿನಾ ಬೆಳಗಾದ್ರೆ ಈ ಊರನ್ನ ಅಷ್ಟು ಬೈತೀರಲ್ಲ?" ಎಂದು ಕೇಳಿದೆ.

"ಬೈಬಹುದಲ್ಲ ಇಲ್ಲಿ. ಅಣ್ಣಂದಿರ ಮನೇಲಿ ನಾನು ಯಾವತ್ತು ಏನನ್ನ ಬೈದಿದೀನಿ?" ಎಂದರು.

ಈ ಸಂಗತಿಯನ್ನು ನಮ್ಮವರಿಗೆ ನಾನೇ ಹೇಳಿದೆ. ಆ ಮನೆಯಲ್ಲೇ ಬೆಳೆದವರು, ತಾವು ಪರೀಕ್ಷೆಗೆ ಹೊರಡುವಾಗ ಯಾವ ಯಾವ ಮಾವನ ಹೆಂಡತಿ ಬಾಗಿಲಲ್ಲಿ ನಿಂತು ಕೈಗೆ ಮೊಸರು ಸಕ್ಕರೆ ಹಾಕುತ್ತಿದ್ದರೆಂದು ಅವರಿಗೆ ನೆನಪಿತ್ತು. ಅಮ್ಮ ಎಲ್ಲಿರುತ್ತಿದ್ದರೆಂದು ನೆನಪಿರಲಿಲ್ಲ. ಮರುದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ಅವರು ತಾಯಿಗೆ ಹೇಳಿದ್ದು ಒಂದೇ ಮಾತು: "ಅಮ್ಮ, ಕೊಯಮತ್ತೂರಿಗೆ ಹಗಲು ಗಾಡಿ ಚೆನ್ನಾಗಿದೆ. ಕಿಟಕಿ ಸೀಟು ಹಾಕಿಸ್ತೀನಿ." ಅತ್ತೆ ಸರಿ ಎಂದರು. ತಾಯಿ ಮಗ ಮಾತಾಡಿಕೊಳ್ಳುವುದು ಹೆಚ್ಚುಕಡಿಮೆ ಹೀಗೆಯೇ.

ಸೋಮವಾರ ಮ್ಯಾನೇಜರಿಗೆ ಕೊಯಮತ್ತೂರು ಎಂದೆ. ಅವರಿಗೆ ಎರಡು ಆಶ್ಚರ್ಯ ಒಟ್ಟಿಗೇ ಆಯಿತು, ಪ್ರಮೋಷನ್ ಒಪ್ಪಿಕೊಂಡದ್ದು ಒಂದು, ಕನ್ನಡದವಳಾಗಿ ಮೈಸೂರು ಬಿಟ್ಟದ್ದು ಇನ್ನೊಂದು. ಕಾರಣ ಕೇಳಿದರು. ನೀರು ಚೆನ್ನಾಗಿದೆಯಂತೆ ಎಂದೆ. ಮೈಸೂರಿನ ಮಾವಂದಿರಿಗೆ ಏನು ಹೇಳುವುದೆಂಬ ಕಷ್ಟವೂ ಬರಲಿಲ್ಲ. ದೇವರು ಹೂವು ಕೊಟ್ಟದ್ದು ಹಾಗೆ ಎಂದು ತಿಳಿಸಿದೆವು. ದೇವರ ಮೇಲೆ ಯಾರು ಜಗಳಕ್ಕೆ ಹೋಗುತ್ತಾರೆ?

ಮಾಲುವಿನ ಪರೀಕ್ಷೆ ಮುಗಿಯುವ ತನಕ ಅವಳೂ ಅತ್ತೆಯೂ ಮದರಾಸಿನಲ್ಲೇ ಇದ್ದು ಆಮೇಲೆ ಬರುವುದು, ನಾನು ಮುಂಚೆ ಹೋಗಿ ಡ್ಯೂಟಿಗೆ ಸೇರಿ ಮನೆ ಹುಡುಕುವುದು ಎಂದು ತೀರ್ಮಾನವಾಯಿತು. ಹೊರಟ ದಿನ ಮಧ್ಯಾಹ್ನದ ಗಾಡಿ. ರಾಹುಕಾಲ ನೋಡಿ ಬೇಗ ಮನೆ ಬಿಡಬೇಕೆಂದು ಮಾಮಿ, ಗಾಡಿ ರಾಹುಕಾಲ ನೋಡಿ ಹೊರಡುವುದಿಲ್ಲ ಎಂದು ನಮ್ಮವರು, ಇಬ್ಬರಿಗೂ ಬಾಗಿಲಲ್ಲಿ ವಾದ ನಡೆದಿತ್ತು. ಮಾಲು ನನ್ನ ಕೈಚೀಲ ಹಿಡಿದುಕೊಂಡು, ಬರುವಾಗ ನಾಯಿಮರಿ ತರಬೇಕೆಂದು ಹೇಳುತ್ತಿದ್ದಳು. ಆಟೋ ಬೀದಿಯಲ್ಲಿ ಕಾಯುತ್ತಿತ್ತು. ಅತ್ತೆ ಅಡುಗೆಮನೆಯಲ್ಲಿ ಮೊಸರನ್ನದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಹೋಗ್ಬಿಟ್ಟು ಬಾ" ಎಂದರು. ಆಮೇಲೆ ಅಲ್ಲಿಂದ ಹೊರಗೆ ಬರಲಿಲ್ಲ.

ನಾನು ನಡುಮನೆಗೆ ಬಂದು ಚಪ್ಪಲಿ ಮೆಟ್ಟಿಕೊಂಡೆ. ಹಿಂದೆ ಅಡುಗೆಮನೆಯ ಬಾಗಿಲು ಸ್ವಲ್ಪ ಸರಿದ ಸದ್ದಾಯಿತು. ತಿರುಗಿ ನೋಡಿದರೆ ಬಾಗಿಲ ಮರೆಯಲ್ಲಿ ಅವರ ಸೀರೆಯ ಅಂಚು ಮಾತ್ರ ಕಾಣುತ್ತಿತ್ತು. ಪ್ರಮೋಷನ್ ಪರೀಕ್ಷೆಗೆ ಹೊರಟ ದಿನವೂ, ಇಂಟರ್‌ವ್ಯೂಗೆ ಹೊರಟ ದಿನವೂ ಅವರು ಹೀಗೆಯೇ ಅಡುಗೆಮನೆಯಲ್ಲಿದ್ದರು. ಒಲೆಯ ಮೇಲೆ ಏನೋ ಇದೆ ಎಂದು ನಾನು ತಿಳಿದುಕೊಂಡಿದ್ದೆ.

ಡಬ್ಬಿಯನ್ನು ನೆಲದ ಮೇಲಿಟ್ಟೆ. "ಅತ್ತೆ, ಹೊರಗೆ ಬನ್ನಿ."

"ಹೊರಡೇ ನೀನು, ಗಾಡಿ ತಪ್ಪತ್ತೆ."

"ತಪ್ಪಿದ್ರೆ ನಾಳೆ ಹೋಗ್ತೀನಿ. ನೀವು ಎದುರಿಗೆ ಬರ್ದೆ ನಾನು ಹೊರಡಲ್ಲ."

ಬಾಗಿಲಲ್ಲಿ ನಡೆಯುತ್ತಿದ್ದ ವಾದ ನಿಂತುಹೋಯಿತು. ನಮ್ಮವರು ಗಡಿಯಾರ ನೋಡಿಕೊಳ್ಳಲಿಲ್ಲ. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, ನನ್ನನ್ನು ದಾಟಿ, ಅಂಗಳ ದಾಟಿ, ಗೇಟಿನ ಆಚೆ ಆಟೋದ ತನಕ ಹೋದರು. ಅಲ್ಲಿ ಬೆನ್ನು ಹಾಕಿ ಸ್ವಲ್ಪ ಹೊತ್ತು ನಿಂತರು. ಸೆರಗು ಸರಿಮಾಡಿಕೊಂಡರು. ಆಮೇಲೆ ತಿರುಗಿ, ಬೀದಿಯವರೆಲ್ಲ ನೋಡುತ್ತಿದ್ದ ಹಾಗೆಯೇ, ನೆಟ್ಟಗೆ ನನ್ನ ಎದುರಿಗೆ ನಡೆದು ಬಂದರು. ನಾನು ಹೊರಟೆ.